ನಾಟಕರತ್ನ ಗುಬ್ಬಿ ವೀರಣ್ಣನವರು

ಹನ್ನೆರಡನೆಯ ಶತಮಾನದ ಶರಣರ ಗಣದಲ್ಲಿ ಮಡಿವಾಳರಿದ್ದರು, ಅಂಬಿಗರಿದ್ದರು, ನೇಯುವವರೂ ಸಮಗಾರರೂ ಇದ್ದರು ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಊರೂರು ತಿರುಗಿ, ಬೀದಿಯಲ್ಲಿ ನಿಂತು ಜನರನ್ನು ರಂಜಿಸುತ್ತಿದ್ದವರೂ ಅದೇ ಗಣದಲ್ಲಿ ಇದ್ದರೆಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಬಹುರೂಪಿ ಚೌಡಯ್ಯನಿಗೆ ವೇಷ ಕಟ್ಟುವುದೇ ಕಾಯಕ. ನಗೆಯ ಮಾರಿತಂದೆಗೆ ನಗಿಸುವುದೇ ಕಾಯಕ. ಕಿನ್ನರಿ ಬೊಮ್ಮಯ್ಯನಿಗೆ ಕಿನ್ನರಿ ನುಡಿಸುವುದೇ ಲಿಂಗಸೇವೆ. ದುಡಿದು ಬಳಲಿದ ಜನರ ಮುಖದಲ್ಲಿ ಬೆರಗನ್ನೂ ನಗೆಯನ್ನೂ ಮೂಡಿಸುವುದು ಹೊಲ ಉಳುವುದಕ್ಕಿಂತ ಕಡಿಮೆಯ ಕೆಲಸವೆಂದು ಶರಣರು ಎಣಿಸಲಿಲ್ಲ. ಕಾಲಕ್ರಮದಲ್ಲಿ ಸಮಾಜ ಆ ಮಾತನ್ನು ಮರೆಯಿತು. ಆಟಗಾರನೆಂದರೆ ಅಲೆಮಾರಿ, ವೇಷದವನೆಂದರೆ ನೆಲೆಯಿಲ್ಲದವನು ಎಂಬ ತಾತ್ಸಾರ ಬೆಳೆಯಿತು. ಆಟ ನೋಡಲು ಎಲ್ಲರಿಗೂ ಆಸೆ. ಆದರೆ ಆಡುವವನಿಗೆ ಹೆಣ್ಣು ಕೊಡಲು, ಮನೆ ಬಾಡಿಗೆಗೆ ಕೊಡಲು ಯಾರಿಗೂ ಮನಸ್ಸಿಲ್ಲ. ಈ ತಾತ್ಸಾರವನ್ನು ತಮ್ಮ ಎಂಬತ್ತು ವರ್ಷಗಳ ಬಾಳಿನಿಂದ ಅಳಿಸಲು ದುಡಿದ ಮಹನೀಯರು ಗುಬ್ಬಿ ವೀರಣ್ಣನವರು.

ಜಾತ್ರೆಯ ಬೆರಗು

ವೀರಣ್ಣನವರು ಹುಟ್ಟಿದ ಕಾಲದಲ್ಲಿ ಕನ್ನಡ ನಾಡಿನ ಹಳ್ಳಿಗರಿಗೆ ಮನರಂಜನೆಯೆಂದರೆ ಜಾತ್ರೆ, ಸಂತೆ, ಪರಿಷೆ. ಸುಗ್ಗಿ ಮುಗಿದು ತೇರಿನ ದಿನ ಹತ್ತಿರವಾದಂತೆ ದೊಂಬರು, ಗಾರುಡಿಗರು, ಹಗಲುವೇಷದವರು ಬಂದು ನೆರೆಯುತ್ತಿದ್ದರು. ಕಿಳ್ಳೇಕ್ಯಾತರು ಬಿಳಿಯ ಪರದೆ ಕಟ್ಟಿ, ಅದರ ಹಿಂದೆ ದೀಪ ಹಚ್ಚಿ, ಬಣ್ಣದ ತೊಗಲು ಗೊಂಬೆಗಳಿಂದ ಇಡೀ ರಾಮಾಯಣವನ್ನೇ ಕಣ್ಣ ಮುಂದೆ ತರುತ್ತಿದ್ದರು. ಪಶ್ಚಿಮದ ಮಲೆನಾಡಿನಲ್ಲಿ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ, ಮಳೆಗಾಲ ಕಳೆದ ಮೇಲೆ ಯಕ್ಷಗಾನದ ಬಯಲಾಟಗಳು ರಾತ್ರಿಯಿಡೀ ನಡೆಯುತ್ತಿದ್ದವು. ಕಡಹಿನಬೈಲಿನಂಥ ಊರಿನಲ್ಲಿ ತೋಟ ಗದ್ದೆಗಳ ನಡುವೆ ಒಂಟಿ ಮನೆಗಳಲ್ಲಿ ಬಾಳುವ ಜನರಿಗೆ ಹತ್ತು ಜನ ಸೇರುವ ಸಂದರ್ಭವೇ ಹಬ್ಬ.

ಇಂಥ ನೆರವಿಗಳಲ್ಲಿ ಮಕ್ಕಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆಯುತ್ತಿದ್ದುದು ಚಿತ್ರದ ಪೆಟ್ಟಿಗೆ. ಮರದ ಪೆಟ್ಟಿಗೆಯ ಮುಖದಲ್ಲಿ ಸಾಲಾಗಿ ಕೆಲವು ದುಂಡನೆಯ ಕಿಂಡಿಗಳು, ಕಿಂಡಿಗೊಂದು ಭೂತಗನ್ನಡಿ. ಒಳಗೆ ಎರಡು ಉರುಳೆಗಳ ನಡುವೆ ಸುತ್ತಿಟ್ಟ ಚಿತ್ರಗಳು. ಕಾಸು ಕೊಟ್ಟ ಹುಡುಗ ಕಿಂಡಿಗೆ ಕಣ್ಣಿಟ್ಟರೆ ಆಟದವನು ಹಿಡಿ ತಿರುಗಿಸುತ್ತ, ರಾಗವಾಗಿ ವರ್ಣಿಸುತ್ತ, ಒಂದಾದ ಮೇಲೊಂದು ಚಿತ್ರವನ್ನು ಸರಿಸುವನು. ಊರ ಗಡಿ ದಾಟದ ಬಾಲಕನಿಗೆ ಅರಮನೆ, ಕಡಲು, ಹಡಗು, ಕಾಶಿ, ಮುಂಬಯಿ ಎಲ್ಲವೂ ಕ್ಷಣದಲ್ಲಿ ಹತ್ತಿರವಾಗುತ್ತಿದ್ದವು. ಆದರೆ ಆ ಬೆರಗು ಒಂದು ಕಣ್ಣಿಗೆ, ಒಂದು ಗಳಿಗೆಗೆ ಮಾತ್ರ. ಪಕ್ಕದಲ್ಲಿ ನಿಂತವನಿಗೆ ಕಾಣುವುದು ಕಂಡವನ ಬೆನ್ನು ಮಾತ್ರ.

ಆ ಬೆರಗನ್ನು ಹತ್ತಾರು ಜನ ಒಟ್ಟಿಗೆ ಕಾಣುವಂತೆ ಮಾಡಿದ್ದು ಮ್ಯಾಜಿಕ್ ಲ್ಯಾಂಟರ್ನ್, ಅಂದರೆ ಮಾಯಾದೀಪ. ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹ್ಯೂಜೆನ್ಸ್ 1659ರ ಸುಮಾರಿಗೆ ಇದರ ರಚನೆಯನ್ನು ಕಂಡುಕೊಂಡನು. ತಗಡಿನ ಪೆಟ್ಟಿಗೆಯೊಳಗೆ ಉರಿಯುವ ದೀಪ, ಅದರ ಮುಂದೆ ಬಣ್ಣದಲ್ಲಿ ಚಿತ್ರ ಬರೆದ ಗಾಜು, ಅದಕ್ಕೂ ಮುಂದೆ ಪೀನಮಸೂರ; ಇಷ್ಟೇ ಅದರ ಅಂಗಗಳು. ಮಸೂರವು ಚಿತ್ರವನ್ನು ತಲೆಕೆಳಗು ಮಾಡುವುದರಿಂದ ಗಾಜನ್ನು ತಲೆಕೆಳಗಾಗಿಯೇ ಸಿಕ್ಕಿಸಬೇಕು. ಆಗ ಎದುರಿನ ಬಿಳಿಯ ಬಟ್ಟೆಯ ಮೇಲೆ ಅದು ನೆಟ್ಟಗೆ, ದೊಡ್ಡದಾಗಿ ಮೂಡುತ್ತದೆ. ತನ್ನಂಥ ಪಂಡಿತನ ಹೆಸರು ಇಂಥ ಬೀದಿಯ ಆಟಿಕೆಗೆ ಅಂಟುವುದು ಹ್ಯೂಜೆನ್ಸನಿಗೆ ಇಷ್ಟವಿರಲಿಲ್ಲ. ಆದರೆ ಬಡ ಆಟಗಾರರು ಅದನ್ನು ಬೆನ್ನ ಮೇಲೆ ಹೊತ್ತು ಯೂರೋಪಿನ ಊರೂರನ್ನೂ ಸುತ್ತಿದರು. ಭಾರತದಲ್ಲಿ ಮುಂಬಯಿಯ ಬಳಿಯ ಕಲ್ಯಾಣ್ ಪಟ್ಟಣದ ಮಹಾದೇವ ಗೋಪಾಳ ಪಟವರ್ಧನರು 1892ರಲ್ಲಿ ಶಾಂಭರಿಕ ಖರೋಲಿಕಾ ಎಂಬ ಹೆಸರಿನಿಂದ ಈ ದೀಪದ ಆಟವನ್ನು ಆರಂಭಿಸಿ, ಗಾಜಿನ ಮೇಲೆ ಕೈಯಿಂದಲೇ ಬರೆದ ಪೌರಾಣಿಕ ಚಿತ್ರಗಳನ್ನು ಚಲಿಸುವಂತೆ ತೋರಿಸಿದರು. ನಾಲ್ಕು ವರ್ಷಗಳ ತರುವಾಯ, 1896ರ ಜುಲೈ 7ರಂದು, ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲ್ಯೂಮಿಯೇರ್ ಸಹೋದರರ ಚಲನಚಿತ್ರಗಳ ಪ್ರದರ್ಶನವಾಯಿತು. ಚಿತ್ರದ ಪೆಟ್ಟಿಗೆ, ಮಾಯಾದೀಪ, ಚಲನಚಿತ್ರ ಎಂಬ ಈ ಮೂರು ಮೆಟ್ಟಿಲುಗಳನ್ನು ನಾಡು ಹತ್ತುತ್ತಿದ್ದ ಕಾಲದಲ್ಲಿಯೇ ಗುಬ್ಬಿಯ ಬಾಲಕನೊಬ್ಬನು ಬಣ್ಣ ಹಚ್ಚಿಕೊಂಡು ರಂಗದ ಮೇಲೆ ಕಾಲಿಟ್ಟನು.

ಜನನ, ಬಾಲ್ಯ

ತುಮಕೂರು ಜಿಲ್ಲೆಯ ಗುಬ್ಬಿ ಹಿಂದಿನಿಂದಲೂ ವೀರಶೈವ ಸಾಹಿತ್ಯಕ್ಕೆ ಹೆಸರಾದ ಸ್ಥಳ. ಭಾವಚಿಂತಾರತ್ನವನ್ನೂ ವೀರಶೈವಾಮೃತ ಪುರಾಣವನ್ನೂ ರಚಿಸಿದ ಮಲ್ಲಣಾರ್ಯರು ಹದಿನಾರನೆಯ ಶತಮಾನದಲ್ಲಿ ಬಾಳಿದ್ದು ಇಲ್ಲಿಯೇ. ಊರಿನ ಆರಾಧ್ಯ ದೈವ ಚನ್ನಬಸವೇಶ್ವರಸ್ವಾಮಿ. ಆ ಸ್ವಾಮಿಯ ಹೆಸರಿನಲ್ಲಿ 1884ರಲ್ಲಿ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದ ಊರಿನ ಉತ್ಸಾಹಿಗಳು ಸೇರಿ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಕಟ್ಟಿದರು. ಆ ಸ್ವಾಮಿಯ ಹೆಸರಿನ ಸಂಘಕ್ಕೆ ಹಿಂದೂ ಮುಸಲ್ಮಾನರಿಬ್ಬರೂ ಹೆಗಲು ಕೊಟ್ಟದ್ದು ಆ ಊರಿನ ದೊಡ್ಡ ಗುಣ. ಆ ಹೊತ್ತಿಗೆ ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ನಾಟಕಗಳು ನಡೆಯತೊಡಗಿದ್ದವು. ಅಭಿನವ ಕಾಳಿದಾಸರೆಂದು ಕೀರ್ತಿವೆತ್ತ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದಿದ್ದರು. ಆ ಶಾಸ್ತ್ರಿಗಳು ಲಿಂಗೈಕ್ಯರಾದದ್ದು 1891ರಲ್ಲಿ. ಅದೇ ವರ್ಷದ ಜನವರಿ 24ರಂದು ಹಂಪಣ್ಣನವರ ಮಗನಾಗಿ ವೀರಣ್ಣನವರು ಹುಟ್ಟಿದರು.

ಬಡತನದ ಮನೆ. ಶಾಲೆಯ ಓದು ಹೆಚ್ಚು ಸಾಗಲಿಲ್ಲ. ಆರೇಳು ವರ್ಷದ ಬಾಲಕ ವೀರಣ್ಣ ನಾಟಕ ಸಂಘವನ್ನು ಸೇರಿ ಸಣ್ಣ ಸಣ್ಣ ಪಾತ್ರಗಳನ್ನು ಮಾಡತೊಡಗಿದನು. ಆಗಿನ ನಾಟಕದ ಹುಡುಗನಿಗೆ ಬಿಡುವೆಂಬುದಿರಲಿಲ್ಲ. ಮುಂಜಾನೆ ಸ್ವರಸಾಧನೆ, ಹಗಲು ಮಾತುಗಳ ಕಂಠಪಾಠ, ಸಂಜೆ ಪರದೆ ಕಟ್ಟುವವರಿಗೆ ಕೈನೆರವು, ರಾತ್ರಿ ಬಣ್ಣ. ಬಾಲಕ ವೇಷದಿಂದ ಸ್ತ್ರೀಪಾತ್ರಕ್ಕೆ, ಅಲ್ಲಿಂದ ಪುರುಷಪಾತ್ರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ರಂಗವೇ ಅವರ ಪಾಠಶಾಲೆಯಾಯಿತು. ಪುಸ್ತಕದ ಓದು ತಮಗೆ ದೊರೆಯದಿದ್ದುದರ ಕೊರತೆಯನ್ನು ವೀರಣ್ಣನವರು ಮರೆಯಲಿಲ್ಲ. ಮುಂದೆ ತಮ್ಮಲ್ಲಿಗೆ ಬಂದ ಹುಡುಗರ ವಿಷಯದಲ್ಲಿ ಅವರು ನಡೆದುಕೊಂಡ ರೀತಿಯೇ ಇದಕ್ಕೆ ಸಾಕ್ಷಿ.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಸಂಘದ ಹೊಣೆ ಪೂರ್ತಿಯಾಗಿ ಅವರ ಹೆಗಲೇರಿತು. ನಟನಾಗಿದ್ದವನು ಒಡೆಯನಾದಾಗ ಎದುರಾಗುವ ಕಷ್ಟಗಳು ಒಂದೆರಡಲ್ಲ. ನೂರಾರು ಜನರಿಗೆ ಎರಡು ಹೊತ್ತಿನ ಊಟ, ಸಂಬಳ, ಬಟ್ಟೆ, ಊರಿಂದೂರಿಗೆ ರೈಲಿನ ಖರ್ಚು, ಚಪ್ಪರಕ್ಕೆ ಗಳು, ತಗಡು. ನಾಲ್ಕು ದಿನ ಎಡಬಿಡದೆ ಮಳೆ ಸುರಿದರೆ ಗಲ್ಲಾಪೆಟ್ಟಿಗೆ ಬರಿದು. ಆದರೆ ಒಲೆ ಉರಿಯಲೇಬೇಕು. ಇಂಥ ಸಂಸಾರವನ್ನು ವೀರಣ್ಣನವರು ಐದು ದಶಕಗಳಿಗೂ ಮೀರಿ ನಡೆಸಿದರು.

ರಂಗದ ಮೇಲಿನ ಕಳ್ಳ

ನಟರಾಗಿ ವೀರಣ್ಣನವರ ಕೀರ್ತಿ ಹಬ್ಬಿದ್ದು ಹಾಸ್ಯಪಾತ್ರಗಳಿಂದ. ಸದಾರಮೆ ನಾಟಕದಲ್ಲಿ ಅವರು ಮಾಡುತ್ತಿದ್ದ ಕಳ್ಳನ ಪಾತ್ರ ಕನ್ನಡ ರಂಗಭೂಮಿಯ ಇತಿಹಾಸದಲ್ಲಿ ಒಂದು ಅಧ್ಯಾಯವಾಗಿ ಉಳಿದಿದೆ. ನಾಯಕಿಯ ಸಂಗೀತಕ್ಕೆ ತಲೆದೂಗುತ್ತಿದ್ದ ಜನ ಕಳ್ಳನು ಬಂದೊಡನೆ ಚೇತರಿಸಿ ಕುಳಿತುಕೊಳ್ಳುತ್ತಿದ್ದರು. ಬರೆದ ಮಾತುಗಳಿಗೆ ಅವರು ಕಟ್ಟುಬೀಳುತ್ತಿರಲಿಲ್ಲ. ಆಯಾ ಊರಿನ ಸಮಾಚಾರ, ಆಯಾ ಕಾಲದ ಬೆಲೆಯೇರಿಕೆ, ಲಂಚಕೋರತನ, ಡಂಭಾಚಾರ ಎಲ್ಲವೂ ಕಳ್ಳನ ಮಾತಿನಲ್ಲಿ ನುಸುಳಿ ಬರುತ್ತಿದ್ದವು. ರಂಗದ ಮೇಲಿನ ಕಳ್ಳನು ಸಭೆಯಲ್ಲಿ ಮಾನವಂತರಾಗಿ ಕುಳಿತ ಕಳ್ಳರನ್ನು ತೋರಿಸಿಕೊಡುತ್ತಿದ್ದನು. ನಗುತ್ತ ನಗುತ್ತ ಜನರು ತಮ್ಮನ್ನೇ ತಾವು ನೋಡಿಕೊಳ್ಳುತ್ತಿದ್ದರು. ನಗೆಯ ಮಾರಿತಂದೆಯ ಕಾಯಕ ಎಂಟು ಶತಮಾನಗಳ ಮೇಲೆ ಮತ್ತೊಮ್ಮೆ ಮಾನ ಪಡೆದದ್ದು ಹೀಗೆ.

ಅದುವರೆಗೆ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುವುದು ರೂಢಿಯಾಗಿತ್ತು. ಹೆಣ್ಣುಮಕ್ಕಳು ರಂಗವೇರುವುದನ್ನು ಸಮಾಜ ಒಪ್ಪುತ್ತಿರಲಿಲ್ಲ. ವೀರಣ್ಣನವರು ಟೀಕೆಗೆ ಹೆದರದೆ ಕಲಾವಿದೆಯರನ್ನು ತಮ್ಮ ಸಂಘಕ್ಕೆ ಬರಮಾಡಿಕೊಂಡರು. ಮಳವಳ್ಳಿ ಸುಂದರಮ್ಮನವರ ಗಾಯನ, ಬಿ. ಜಯಮ್ಮನವರ ಅಭಿನಯ ಗುಬ್ಬಿ ಕಂಪೆನಿಯ ಕೀರ್ತಿಯನ್ನು ದಕ್ಷಿಣ ಭಾರತದ ಉದ್ದಗಲಕ್ಕೂ ಒಯ್ದವು. ಜಯಮ್ಮನವರು ವೀರಣ್ಣನವರ ಬಾಳಿನಲ್ಲಿಯೂ ಸಹಧರ್ಮಿಣಿಯಾದರು. ಶರಣರ ನಡುವೆ ಅಕ್ಕ ಮಹಾದೇವಿಗೂ ಆಯ್ದಕ್ಕಿ ಲಕ್ಕಮ್ಮನಿಗೂ ದೊರೆತ ಸಮಾನ ಪೀಠವನ್ನು ನೆನೆಯುವವರಿಗೆ ಈ ಹೆಜ್ಜೆಯ ಬೆಲೆ ತಿಳಿಯುತ್ತದೆ.

ಕುರುಕ್ಷೇತ್ರ

ವೀರಣ್ಣನವರ ಸಾಹಸಕ್ಕೆ ಕಿರೀಟವಿಟ್ಟದ್ದು 1934ರ ಕುರುಕ್ಷೇತ್ರ ನಾಟಕ. ಆ ವರ್ಷ ಕನ್ನಡಿಗರ ಪಾಲಿಗೆ ಇನ್ನೊಂದು ಕಾರಣಕ್ಕೂ ಸ್ಮರಣೀಯ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ ತೆರೆ ಕಂಡಿತು. ಅದಕ್ಕೆ ಸಾಹಿತ್ಯ ಒದಗಿಸಿದವರು ಗುಬ್ಬಿ ಕಂಪೆನಿಗೆ ನಾಟಕಗಳನ್ನು ಬರೆದುಕೊಟ್ಟ ಬೆಳ್ಳಾವೆ ನರಹರಿ ಶಾಸ್ತ್ರಿಗಳೇ. ಮಾತನಾಡುವ ಚಿತ್ರ ಬಂದ ಮೇಲೆ ನಾಟಕಕ್ಕೆ ಉಳಿಗಾಲವಿಲ್ಲವೆಂದು ಹಲವರು ಅಂಜಿದರು. ತೆರೆಯ ಮೇಲಿನ ಬೆರಗಿಗೆ ರಂಗದ ಮೇಲಿನ ಬೆರಗಿನಿಂದಲೇ ಉತ್ತರ ಕೊಡುವಂತಿತ್ತು ಕುರುಕ್ಷೇತ್ರ.

ನಾಟಕವನ್ನು ರಚಿಸಿದವರು ಬಿ. ಪುಟ್ಟಸ್ವಾಮಯ್ಯನವರು. ಮುಂದೆ ಬಸವಣ್ಣನವರ ಕಾಲವನ್ನು ಕುರಿತು ಕಾದಂಬರಿಗಳ ಮಾಲೆಯನ್ನೇ ಬರೆದು, ಕ್ರಾಂತಿ ಕಲ್ಯಾಣ ಕೃತಿಗೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು ಇವರೇ. ಕುರುಕ್ಷೇತ್ರದ ರಂಗಸಜ್ಜಿಕೆ ಅದುವರೆಗೆ ಕಂಡು ಕೇಳದಂಥದು. ನಿಜವಾದ ಆನೆಗಳೂ ಕುದುರೆಗಳೂ ರಥಗಳೂ ರಂಗದ ಮೇಲೆ ಬಂದವು. ಹಲಗೆಯ ಮೇಲೆ ಆನೆ ಕಾಲಿಟ್ಟರೆ ಹಲಗೆ ತಾಳಬೇಕು; ದೀಪಗಳ ಬೆಳಕಿಗೂ ವಾದ್ಯಗಳ ಸದ್ದಿಗೂ ಕುದುರೆ ಬೆದರದಂತೆ ಅದನ್ನು ಪಳಗಿಸಬೇಕು; ಇಷ್ಟೆಲ್ಲದರ ನಡುವೆ ನಟನ ಮಾತು ಕೊನೆಯ ಸಾಲಿನ ನೆಲದ ಪ್ರೇಕ್ಷಕನಿಗೂ ಮುಟ್ಟಬೇಕು. ಬಡಗಿಗಳು, ಬಣ್ಣಗಾರರು, ದೀಪದವರು, ಮಾವುತರು, ನಟರು ಒಂದೇ ಮನಸ್ಸಿನಿಂದ ದುಡಿದುದರ ಫಲವಾಗಿ ಇದು ಸಾಧ್ಯವಾಯಿತು. ಚಿತ್ರದ ಪೆಟ್ಟಿಗೆಯ ಕಿಂಡಿಯಲ್ಲಿ ಒಬ್ಬ ಹುಡುಗನ ಕಣ್ಣಿಗೆ ಕಂಡು ಮಾಯವಾಗುತ್ತಿದ್ದ ಮಹಾಭಾರತವನ್ನು ಸಾವಿರಾರು ಜನ ಒಟ್ಟಿಗೆ ಕುಳಿತು, ಜೀವಂತವಾಗಿ, ಪಕ್ಕದವನೊಡನೆ ಬೆರಗನ್ನು ಹಂಚಿಕೊಳ್ಳುತ್ತ ನೋಡಿದರು.

ಇದನ್ನು ಮೆಚ್ಚದವರೂ ಇದ್ದರು. ಕಂಪೆನಿ ನಾಟಕಗಳಲ್ಲಿ ಚಮತ್ಕಾರವೇ ಹೆಚ್ಚಾಗಿ ನಾಟಕದ ತಿರುಳು ತೆಳುವಾಗುತ್ತದೆ, ಸಂಗೀತ ಅತಿಯಾಗಿ ಸಂಭಾಷಣೆ ಸೊರಗುತ್ತದೆ, ಬದುಕಿನ ಸಮಸ್ಯೆಗಳಿಗೆ ಅಲ್ಲಿ ಎಡೆಯಿಲ್ಲ ಎಂಬುದು ವಿದ್ಯಾವಂತರ ಆಕ್ಷೇಪ. ಕೈಲಾಸಂ, ಶ್ರೀರಂಗ ಮೊದಲಾದವರು ಕಟ್ಟಿದ ಹವ್ಯಾಸಿ ರಂಗಭೂಮಿ ಬೇರೆಯದೇ ಹಾದಿ ಹಿಡಿಯಿತು. ಈ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹವ್ಯಾಸಿ ನಾಟಕ ನಗರದ ಸಭಾಂಗಣದಲ್ಲಿ ಓದು ಬಲ್ಲವರ ಮುಂದೆ ನಡೆಯುತ್ತಿದ್ದಾಗ, ಅಕ್ಷರ ಬಾರದ ರೈತನಿಗೂ ಕೂಲಿಕಾರನಿಗೂ ಕನ್ನಡದ ಮಾತಿನ ಸೊಗಸನ್ನು, ಪುರಾಣದ ನೀತಿಯನ್ನು ಮುಟ್ಟಿಸಿದವರು ಗುಬ್ಬಿಯಂಥ ಕಂಪೆನಿಗಳೇ ಎಂಬುದನ್ನೂ ಒಪ್ಪಬೇಕು. ಬೆರಗು ಅಲ್ಲಿ ಬಾಗಿಲು. ಒಳಗೆ ಬಂದವನಿಗೆ ಕಥೆಯಿತ್ತು, ಹಾಡಿತ್ತು, ಒಳ್ಳೆಯದು ಕೆಟ್ಟದರ ವಿವೇಚನೆಯಿತ್ತು.

ಬೆಳ್ಳಿತೆರೆಯತ್ತ

ವೀರಣ್ಣನವರು ಚಲನಚಿತ್ರವನ್ನು ಶತ್ರುವೆಂದು ಬಗೆಯಲಿಲ್ಲ. ಮೂಕಚಿತ್ರಗಳ ಕಾಲದಲ್ಲಿಯೇ ಅವರು ಬೆಂಗಳೂರಿನಲ್ಲಿ ಚಿತ್ರ ತಯಾರಿಕೆಗೆ ಕೈಹಾಕಿದರು. ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಮೂಲಕ ಹಿಸ್ ಲವ್ ಅಫೇರ್, ಹರಿಮಾಯಾ ಮೊದಲಾದ ಮೂಕಚಿತ್ರಗಳು 1931-32ರಲ್ಲಿ ಹೊರಬಂದವು. ಆದರೆ 1931ರಲ್ಲಿಯೇ ಮುಂಬಯಿಯಲ್ಲಿ ಆಲಂ ಆರಾ ಮಾತನಾಡಿಬಿಟ್ಟಿತ್ತು. ಮೂಕಚಿತ್ರಗಳ ಕಾಲ ಮುಗಿಯುತ್ತ ಬಂದಿತ್ತು. ಆ ಸಾಹಸ ಮುಂದುವರಿಯಲಿಲ್ಲ. ಕೈಸುಟ್ಟುಕೊಂಡವರು ಮತ್ತೆ ಬೆಂಕಿಯ ಬಳಿ ಹೋಗುವುದಿಲ್ಲವೆನ್ನುತ್ತಾರೆ, ವೀರಣ್ಣನವರು ಹೋದರು. 1935ರ ಸದಾರಮೆ ಚಿತ್ರದಲ್ಲಿ ಅಭಿನಯಿಸಿದರು. 1942ರ ಜೀವನ ನಾಟಕ, 1945ರ ಹೇಮರೆಡ್ಡಿ ಮಲ್ಲಮ್ಮ ಚಿತ್ರಗಳಲ್ಲಿ ಅವರ ದುಡಿಮೆಯಿದೆ. ಶ್ರೀಶೈಲ ಮಲ್ಲಿಕಾರ್ಜುನನ ಭಕ್ತೆಯಾದ ಮಲ್ಲಮ್ಮನ ಕಥೆ ಶರಣಸಂಸ್ಕೃತಿಯ ಮನೆಮಾತು. ಅದನ್ನು ಬೆಳ್ಳಿತೆರೆಗೆ ತಂದದ್ದು ಆ ಪರಂಪರೆಗೆ ಸಲ್ಲಿಸಿದ ಕಾಣಿಕೆಯೂ ಹೌದು.

1954ರಲ್ಲಿ ಅವರ ಗುಬ್ಬಿ ಕರ್ನಾಟಕ ಸಂಸ್ಥೆಯ ಬೇಡರ ಕಣ್ಣಪ್ಪ ಚಿತ್ರ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ತೆರೆ ಕಂಡಿತು. ಶಿವನಿಗೆ ತನ್ನ ಕಣ್ಣನ್ನೇ ಕಿತ್ತು ಅರ್ಪಿಸಿದ ಬೇಡನ ಪಾತ್ರವನ್ನು ವಹಿಸಿದ ತರುಣನ ಹೆಸರು ಮುತ್ತುರಾಜ. ಅವನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪೆನಿಯ ನಟರು. ಮಗನೂ ಬಾಲಕನಾಗಿ ಅದೇ ಕಂಪೆನಿಯಲ್ಲಿ ಬೆಳೆದವನು. ಆ ಚಿತ್ರದಿಂದ ರಾಜಕುಮಾರ್ ಎಂಬ ಹೊಸ ಹೆಸರು ಪಡೆದ ಆ ತರುಣ ಮುಂದೆ ಕನ್ನಡಿಗರ ಕಣ್ಮಣಿಯಾದುದು ಎಲ್ಲರಿಗೂ ತಿಳಿದಿದೆ.

ಗುಬ್ಬಿಯ ಗರಡಿ

ಗುಬ್ಬಿ ಕಂಪೆನಿ ಬರಿಯ ನಾಟಕ ಮಂಡಳಿಯಾಗಿರಲಿಲ್ಲ. ಅದೊಂದು ವಸತಿ ಶಾಲೆಯಂತಿತ್ತು. ಎಳೆಯ ಹುಡುಗರು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಸಂಗೀತ, ಶುದ್ಧ ಉಚ್ಚಾರಣೆ, ಅಭಿನಯಗಳನ್ನು ಕಲಿಯುತ್ತಿದ್ದರು. ಜಾತಿ ಕೇಳಿ ಪಾತ್ರ ಕೊಡುವ ಪದ್ಧತಿಯಿರಲಿಲ್ಲ. ಜಿ.ವಿ. ಅಯ್ಯರ್ ಬಾಲ್ಯದಲ್ಲಿಯೇ ಈ ಗರಡಿಯನ್ನು ಸೇರಿದರು. ಸಂಸ್ಕೃತದ ಮೊದಲ ಚಲನಚಿತ್ರವಾದ ಆದಿ ಶಂಕರಾಚಾರ್ಯವನ್ನು 1983ರಲ್ಲಿ ಕೊಟ್ಟವರು ಅವರೇ. ದಕ್ಷಿಣ ಕನ್ನಡದ ಮಂಚಿಯಿಂದ ಬಂದ ಬಾಲಕ ಬಿ.ವಿ. ಕಾರಂತನ ಕಥೆ ಇನ್ನೂ ಹೃದ್ಯವಾದುದು. ಹುಡುಗನಲ್ಲಿದ್ದ ಜ್ಞಾನದ ಹಸಿವನ್ನು ಕಂಡ ವೀರಣ್ಣನವರು ಅವನನ್ನು ತಮ್ಮ ಕಂಪೆನಿಗೇ ಕಟ್ಟಿಹಾಕಲಿಲ್ಲ; ಹೆಚ್ಚಿನ ಓದಿಗಾಗಿ ಕಾಶಿಗೆ ಕಳುಹಿಸಿದರು. ಒಳ್ಳೆಯ ನಟನೊಬ್ಬನನ್ನು ಕೈಯಾರೆ ಬಿಟ್ಟುಕೊಡುವುದು ಕಂಪೆನಿಯ ಒಡೆಯನಿಗೆ ನಷ್ಟದ ಮಾತು. ಶಾಲೆಯ ಮೆಟ್ಟಿಲನ್ನು ತಾವು ಹೆಚ್ಚು ಹತ್ತಲಾಗದಿದ್ದ ವೀರಣ್ಣನವರು ಆ ನಷ್ಟವನ್ನು ಲಾಭವೆಂದು ಎಣಿಸಿದರು. ಆ ಬಾಲಕನೇ 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾಗಿ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿ, ಕಂಪೆನಿ ನಾಟಕದ ಸಂಗೀತವನ್ನು ಹೊಸ ರಂಗಭೂಮಿಗೆ ಧಾರೆಯೆರೆದನು. ಒಮ್ಮೆ ಬೇರೆಯಾಗಿ ಹರಿದಿದ್ದ ಕಂಪೆನಿ ರಂಗಭೂಮಿಯೂ ಹವ್ಯಾಸಿ ರಂಗಭೂಮಿಯೂ ಗುಬ್ಬಿಯ ಶಿಷ್ಯನಲ್ಲಿ ಮತ್ತೆ ಕೂಡಿಕೊಂಡವು.

ಮಾನ, ಸನ್ಮಾನ

ಮೈಸೂರಿನ ಮಹಾರಾಜರಿಂದ ನಾಟಕರತ್ನ ಎಂಬ ಬಿರುದು ವೀರಣ್ಣನವರಿಗೆ ಸಂದಿತು. 1955ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ನೀಡಿ ಗೌರವಿಸಿತು. 1972ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು. ಅದೇ ವರ್ಷದ ಅಕ್ಟೋಬರ್ 18ರಂದು ಅವರು ಶಿವಸಾಯುಜ್ಯವನ್ನು ಪಡೆದರು. ಅವರ ಹೆಸರಿನ ಪ್ರಶಸ್ತಿಯನ್ನು ಕರ್ನಾಟಕ ಸರ್ಕಾರ ರಂಗಸಾಧಕರಿಗಾಗಿ ಸ್ಥಾಪಿಸಿದೆ, ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರವಿದೆ, ಮೊಮ್ಮಗಳು ಬಿ. ಜಯಶ್ರೀಯವರು ರಂಗಸೇವೆಯ ಪರಂಪರೆಯನ್ನು ಮುಂದುವರಿಸಿ 2013ರಲ್ಲಿ ತಾವೂ ಪದ್ಮಶ್ರೀ ಪುರಸ್ಕೃತರಾದರು.

ಬಿರುದುಗಳಿಗಿಂತ ಹೆಚ್ಚಾಗಿ ವೀರಣ್ಣನವರ ಬಾಳಿನ ಸಾರವನ್ನು ಹೇಳುವುದು ಅವರು ತಮ್ಮ ಆತ್ಮಕಥೆಗೆ ಇಟ್ಟುಕೊಂಡ ಹೆಸರು: ಕಲೆಯೇ ಕಾಯಕ. ಕಾಯಕವೆಂದ ಮೇಲೆ ಅದರಲ್ಲಿ ವಂಚನೆ ಕೂಡದು, ಆಲಸ್ಯ ಕೂಡದು, ಬಂದುದನ್ನು ಹಂಚಿಕೊಳ್ಳದೆ ಇರಕೂಡದು. ಆನೆ ಕುದುರೆಗಳ ವೈಭವವನ್ನು ರಂಗದ ಮೇಲೆ ಮೆರೆದ ಸಂಘದಲ್ಲಿ ದಿನವೂ ಮೊದಲು ನಡೆಯುತ್ತಿದ್ದುದು ಆಶ್ರಿತರೆಲ್ಲರ ಊಟದ ಏರ್ಪಾಡು. ಅದು ದಾಸೋಹದ ಇನ್ನೊಂದು ರೂಪ.

ಜಾತ್ರೆಯ ಚಿತ್ರದ ಪೆಟ್ಟಿಗೆ ಈಗ ಅಪರೂಪ. ಮಾಯಾದೀಪ ವಸ್ತುಸಂಗ್ರಹಾಲಯ ಸೇರಿದೆ. ಪ್ರತಿಯೊಬ್ಬನೂ ಅಂಗೈಯಗಲದ ತೆರೆಯಲ್ಲಿ ತನ್ನ ಪಾಡಿಗೆ ತಾನು ಚಿತ್ರ ನೋಡುವ ಕಾಲ ಬಂದಿದೆ. ಒಂದು ಕಣ್ಣಿನ ಕಿಂಡಿಗೆ ಮನುಷ್ಯ ಬೇರೊಂದು ಬಗೆಯಲ್ಲಿ ಮರಳಿದ್ದಾನೆ. ಇಂಥ ಹೊತ್ತಿನಲ್ಲಿ ಹತ್ತು ಜನರನ್ನು ಒಂದೆಡೆ ಕೂರಿಸಿ, ಒಂದೇ ನಗೆಯಲ್ಲಿ ನಗಿಸಿ, ಒಂದೇ ಕಥೆಗೆ ಕಣ್ಣೀರು ತರಿಸಿದ ವೀರಣ್ಣನವರ ಕಾಯಕ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಮನನೀಯ. ಶಾಲೆಯ ವಾರ್ಷಿಕೋತ್ಸವದಲ್ಲಿ ಬಣ್ಣ ಹಚ್ಚಿಕೊಂಡು ನಿಲ್ಲುವ ಬಾಲಕ ಬಾಲಕಿಯರು, ಪರದೆ ಎಳೆಯುವ ಕೈಗಳು, ಕೆಳಗೆ ಕುಳಿತು ಚಪ್ಪಾಳೆ ತಟ್ಟುವ ತಾಯಿತಂದೆಯರು ಎಲ್ಲರೂ ಆ ಕಾಯಕದಲ್ಲಿ ಪಾಲುದಾರರೇ. ಅವರಲ್ಲಿ ಯಾರನ್ನೂ ಆಟದವರೆಂದು ಕೀಳಾಗಿ ಕಾಣದಿರುವುದೇ ಗುಬ್ಬಿಯ ಆ ಹಿರಿಯ ಚೇತನಕ್ಕೆ ಸಲ್ಲಿಸುವ ನಿಜವಾದ ಗೌರವ.